ಗೀರು ತೆಗೆಯುವ ಗಾದಿಲಿಂಗಪ್ಪ

ಹೊಸಪೇಟೆ ಬಸ್ ನಿಲ್ದಾಣದ ಹಿಂದಿನ ಓಣಿ. ಕಂಪ್ಲಿಯ ಮೊದಲ ಬಸ್ಸು ಇನ್ನೂ ನಿಂತಲ್ಲೇ ಗುರುಗುಟ್ಟುತ್ತಿದೆ, ಮೂಲೆಯ ಚಹಾ ಅಂಗಡಿಯ ಒಲೆ ಹೊತ್ತಿಲ್ಲ. ಹಳೆಯ ಲಾಡ್ಜೊಂದರ ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯ ಶಟರ್ ಅರ್ಧ ಏರುತ್ತದೆ. ಬಿಳಿ ಅಂಗಿಯ ಸಣಕಲು ಆಳೊಬ್ಬರು ಬಗ್ಗಿ ಒಳಹೋಗಿ, ಬಟ್ಟೆಯಲ್ಲಿ ಸುತ್ತಿಟ್ಟ ಸಿಡಿಯೊಂದನ್ನು ಬಿಡಿಸಿಕೊಂಡು ಹೊಸ್ತಿಲಿಗೆ ಬಂದು ನಿಲ್ಲುತ್ತಾರೆ. ನಡುವಿನ ತೂತಿಗೆ ತೋರುಬೆರಳು, ಅಂಚಿಗೆ ಹೆಬ್ಬೆರಳು. ಹೊಳೆಯುವ ಮೈಗೆ ಯಾವ ಬೆರಳೂ ತಾಗುವುದಿಲ್ಲ. ಎದುರಿನ ಗೋಡೆಯನ್ನು ದಾಟಿ ಮೊದಲ ಬಿಸಿಲು ಓರೆಯಾಗಿ ಬೀಳುವುದನ್ನೇ ಅವರು ಕಾಯುತ್ತಾರೆ.

ಬಿಸಿಲು ಬಂದೊಡನೆ ಸಿಡಿಯನ್ನು ಮೆಲ್ಲಗೆ ಹೊರಳಿಸುತ್ತಾರೆ. ಅದುವರೆಗೆ ಕನ್ನಡಿಯಂತಿದ್ದ ಮೈಯಲ್ಲಿ ಕೂದಲೆಳೆಯಂಥ ಗೆರೆಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ.

“ನೆತ್ತಿ ಮ್ಯಾಲಿನ ಬಿಸಿಲಿಗೆ ಇದು ಬರೇ ಮಿಂಚತೈತಿ, ಏನಾಗೈತಿ ಅಂತ ಹೇಳಂಗಿಲ್ಲ. ಟ್ಯೂಬ್‌ಲೈಟಿಗೂ ಅಷ್ಟ. ಮುಂಜಾನಿ ಬಿಸ್ಲು ಅಡ್ಡ ಬರ್ತೈತಿ ನೋಡ್ರಿ, ಆವಾಗ ಗೀರು ಎದ್ದು ನಿಂದ್ರತಾವ,” ಎನ್ನುತ್ತಾರೆ ಗಾದಿಲಿಂಗಪ್ಪ.

ಹಾಡದೆ ನಿಂತ ಸಿಡಿಗಳನ್ನು ಮತ್ತೆ ಹಾಡಿಸುವುದು ಅವರ ಕಸುಬು. ಅರವತ್ತು ದಾಟಿದ ಗಾದಿಲಿಂಗಪ್ಪನವರು ಹುಟ್ಟಿದ್ದು ಸಂಡೂರಿನ ಬದಿಯ ಹಳ್ಳಿಯಲ್ಲಿ. ತಂದೆ ಗಣಿಯಲ್ಲಿ ಕೂಲಿ. ಮಗನಿಗೆ ಸುತ್ತಿಗೆ ಎತ್ತುವ ಮೈಕಟ್ಟಿಲ್ಲವೆಂದು ಸಂಡೂರಿನ ರೇಡಿಯೊ ರಿಪೇರಿ ಅಂಗಡಿಯಲ್ಲಿ ಕೂರಿಸಿದರು. ರೇಡಿಯೊ ಹೋಗಿ ಟೇಪ್‌ರೆಕಾರ್ಡರ್ ಬಂತು, ಹೊಸಪೇಟೆಗೆ ಬಂದು ನೆಲೆಸುವ ಹೊತ್ತಿಗೆ ಸಿಡಿ ಬಂದಿತ್ತು. ಆಮೇಲೆ ಎಲ್ಲ ಹಾಡೂ ಫೋನಿನೊಳಗೆ ಹೋದಾಗ ಜೊತೆಯವರು ಫೋನ್ ರಿಪೇರಿ ಹಿಡಿದರು. ಇವರು ಹಿಡಿಯಲಿಲ್ಲ. ಯಾಕೆಂದು ಕೇಳಿದರೆ, ಫೋನಿನೊಳಗೆ ತಿರುಗುವಂಥದ್ದು ಏನೂ ಇಲ್ಲ, ಕೈಗೆ ಬೇಸರ ಬರುತ್ತದೆ ಎನ್ನುತ್ತಾರೆ.

ಈಗ ಸಿಡಿ ತರುವವರು ಯಾರು ಎಂದು ಕೇಳುವವರುಂಟು. ಬರುತ್ತಾರೆ, ವಿರಳವಾಗಿ. ಹಳೆಯ ಯಂತ್ರವನ್ನೇ ನೆಚ್ಚಿಕೊಂಡ ಗುಡಿಗಳು, ಭಜನೆ ಮಂಡಳಿಗಳು, ಮದುವೆಯ ವಿಡಿಯೊ ಮತ್ತೊಮ್ಮೆ ನೋಡಬೇಕೆನಿಸಿದ ಮನೆಗಳು. ಎದುರಿಗೆ ಮಾಲತೇಶ್ ಎಂಬ ಮೂವತ್ತರ ಯುವಕನ ಮೊಬೈಲ್ ಅಂಗಡಿಯಿದೆ. ಸಿಡಿಯಲ್ಲಿರುವುದನ್ನು ಅವನು ಪೆನ್‌ಡ್ರೈವಿಗೆ ಇಳಿಸಿಕೊಡುತ್ತಾನೆ. ಆದರೆ ಇಳಿಸಬೇಕಾದರೆ ಅದು ಮೊದಲು ಓಡಬೇಕಲ್ಲ. ಓಡದವನ್ನೆಲ್ಲ ಓಣಿ ದಾಟಿಸಿ ಇತ್ತ ಕಳಿಸುತ್ತಾನೆ. ಕೆಲವು ದಿನ ಯಾರಾದರೂ ಬರುತ್ತಾರೆ, ಕೆಲವು ದಿನ ಶಟರ್ ಎತ್ತಿದ್ದಷ್ಟೇ ಕೆಲಸ.

ಗೀರು ನೋಡಿದರೆ ಸಿಡಿ ಯಾವ ಕಡೆಯದೆಂದು ಅವರಿಗೆ ಅಂದಾಜು ಸಿಗುತ್ತದೆ. ಸಂಡೂರು, ದೋಣಿಮಲೈ ಕಡೆಯವಕ್ಕೆ ಅದಿರಿನ ಕೆಂಪು ಧೂಳು ಹತ್ತಿರುತ್ತದೆ. ನೋಡಲು ಕುಂಕುಮದಷ್ಟು ನುಣುಪು, ಒರೆಸಿದರೆ ಉಕ್ಕಿನಷ್ಟು ಗಟ್ಟಿ. ಮನೆಯವರು ಸೆರಗಿನಿಂದ ಗುಂಡಗೆ ಒರೆಸುತ್ತಾರೆ, ಗೀರು ಹಾಡಿನ ದಾರಿಯುದ್ದಕ್ಕೂ ಬೀಳುತ್ತದೆ. ಕಂಪ್ಲಿಯ ಕಡೆಯವಕ್ಕೆ ಹೊಳೆ ದಂಡೆಯ ತೇವ, ಅಂಚಿನಲ್ಲಿ ಬೂಷ್ಟು. ಹಂಪಿಯ ಹೋಟೆಲುಗಳಿಂದ ಬಂದವಕ್ಕೆ ಯಾವ ಯಾವ ದೇಶದವರದೋ ಬೆರಳಚ್ಚು, ಮೇಲೆ ಬಾಳೆಹಣ್ಣಿನ ಅಂಟು.

ಒರೆಸುವುದಕ್ಕೆ ತೊಳೆದು ತೊಳೆದು ಮೆತ್ತಗಾದ ಹಳೇ ಧೋತರದ ತುಂಡು. ನಡುವಿನಿಂದ ಅಂಚಿಗೆ ನೇರ ಎಳೆಯಬೇಕು, ಸುತ್ತಿಸಬಾರದು. ತೆಳು ಗೀರಿಗೆ ಹಲ್ಲುಜ್ಜುವ ಬಿಳಿ ಪೇಸ್ಟು, ಆಳದ್ದಕ್ಕೆ ಕಾರಿನ ಮೈಗೆ ಹಚ್ಚುವ ಪಾಲಿಶು. ಗೀರನ್ನು ತುಂಬಿಸುವುದಲ್ಲ, ಅದರ ಸುತ್ತಲಿನ ಮೈಯನ್ನು ಗೀರಿನ ತಳದವರೆಗೆ ಸವೆಸಿ ಸಮ ಮಾಡುವುದು. ಆದ್ದರಿಂದ ಪ್ರತಿ ಸಲ ಉಜ್ಜಿದಾಗಲೂ ಸಿಡಿ ಒಂದಿಷ್ಟು ತೆಳ್ಳಗಾಗುತ್ತದೆ. ಎಷ್ಟಕ್ಕೆ ಕೈ ನಿಲ್ಲಿಸಬೇಕು ಎಂಬುದೇ ಈ ಕೆಲಸದ ಗುಟ್ಟು.

ಉಜ್ಜಿದ ಮೇಲೆ ಕೇಳುವ ಕೆಲಸ. ಮೊದಲ ಹಾಡು ಬಂತಲ್ಲ, ಕೊಡಿ ಎಂದು ಗಿರಾಕಿ ಅವಸರ ಮಾಡಿದರೂ ಗಾದಿಲಿಂಗಪ್ಪ ಕೊಡುವುದಿಲ್ಲ. ಸಿಡಿ ಓಡುವುದು ನಡುವಿನಿಂದ ಅಂಚಿಗೆ, ಜನ ಹಿಡಿಯುವುದು ಅಂಚನ್ನು. ಮೊದಲ ಹಾಡು ಸಲೀಸಾಗಿ ಬಂದು ಕೊನೆಯದು ತೊದಲಬಹುದು. ಹಾಗಾಗಿ ಹೆಡ್‌ಫೋನ್ ಹಾಕಿಕೊಂಡು ಆದಿಯಿಂದ ಅಂತ್ಯದವರೆಗೆ ಕೇಳುತ್ತಾರೆ. ಹೆಡ್‌ಫೋನ್ ಯಾಕೆಂದರೆ ಮೇಲಿನ ಲಾಡ್ಜಿನವರು ಸದ್ದಿಗೆ ತಕರಾರು ಮಾಡಿದ್ದರು.

ಹೀಗೆ ಎಷ್ಟೋ ಊರುಗಳ ಮದುವೆ, ಗೃಹಪ್ರವೇಶ, ಶಾಲೆಯ ವಾರ್ಷಿಕೋತ್ಸವಗಳು ಆ ಮೆಟ್ಟಿಲ ಕೆಳಗೆ ಒಬ್ಬರ ಕಿವಿಯೊಳಗೇ ನಡೆದುಹೋಗಿವೆ. ಯಾವ ಮದುವೆಯಲ್ಲಿ ಯಾವ ಬೀಗರು ಮುನಿಸಿಕೊಂಡು ಊಟಕ್ಕೆ ಏಳಲಿಲ್ಲ ಎಂಬುದು ಅವರಿಗೆ ಗೊತ್ತು. ಆ ಬೀಗರಿಗೆ ಇವರು ಯಾರೆಂದೇ ಗೊತ್ತಿಲ್ಲ. ಸಿಡಿ ಕೈಗೆ ಬಂದಮೇಲೆ ಗಿರಾಕಿ ಹೊರಡುತ್ತಾರೆ. ಕೂತು ಹೋಗುವವರು ಯಾರೂ ಇಲ್ಲ, ಕೂರಲು ಎರಡನೆಯ ಸ್ಟೂಲಿಗೆ ಜಾಗವೂ ಇಲ್ಲ.

ಮನೆಯಲ್ಲೂ ಅವರೊಬ್ಬರೇ. ಹೆಂಡತಿ ರೇಣುಕಮ್ಮ ತೀರಿಕೊಂಡು ಕೆಲವು ವರ್ಷಗಳಾದವು, ಮಕ್ಕಳಿಲ್ಲ. ಊರವರ ದನಿಗಳನ್ನೆಲ್ಲ ಉಳಿಸಿಕೊಡುವ ಅವರ ಬಳಿ ರೇಣುಕಮ್ಮನ ದನಿ ಮಾತ್ರ ಇಲ್ಲ. ಹುಡುಕಲಿಲ್ಲವೆಂದಲ್ಲ. ನೆಂಟರ ಮದುವೆಯೊಂದರ ವಿಡಿಯೊದಲ್ಲಿ ಆಕೆ ಇದ್ದಾರೆ. ಪಂಕ್ತಿಯ ಕೊನೆಯಲ್ಲಿ ಮಜ್ಜಿಗೆ ಬಡಿಸುತ್ತ ಯಾರಿಗೋ ಏನೋ ಹೇಳಿ ನಗುತ್ತಾರೆ. “ಬಾಯಿ ಆಡತೈತ್ರಿ. ದನಿ ಇಲ್ಲ. ವಿಡಿಯೊದವ ಮ್ಯಾಲೆ ಸಿನಿಮಾ ಹಾಡು ಹಾಕ್ಯಾನ,” ಎಂದು ಹೇಳಿ, ಕೈಯಲ್ಲಿದ್ದ ಧೋತರದ ತುಂಡನ್ನು ಮಡಿಸಿ ಮತ್ತೆ ಬಿಡಿಸುತ್ತಾರೆ.

ಇಂಥ ಮನುಷ್ಯನ ಬಳಿಗೆ, ಈ ಸಲದ ಆಯುಧಪೂಜೆ ಕಳೆದ ವಾರದಲ್ಲಿ, ಪಾಪಿನಾಯಕನಹಳ್ಳಿಯಿಂದ ಜಂಬವ್ವ ಬಂದರು. ಊರಿನ ಭಜನೆ ಮಂಡಳಿಗೆ ಹಿರಿಯಾಕೆ, ದಿನವೆಲ್ಲ ಹೊಲದ ಕೆಲಸ. ಹೊಸ ಕುಪ್ಪಸದ ಬಟ್ಟೆಯಲ್ಲಿ ಮಡಿಸಿ ತಂದ ಸಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಬಿಚ್ಚಿ ನೋಡಿದರೆ ಅದರ ಹೊಳೆಯುವ ಮೈ ತುಂಬ ಗುಂಡನೆಯ ಗೀರು.

ಆದದ್ದು ಇಷ್ಟು. ಆ ಊರ ಗುಡಿಯಲ್ಲಿ ದಿನಾ ನಸುಕಿಗೆ ಆ ಸಿಡಿಯನ್ನು ಹಾಕುತ್ತಾರೆ. ಅದರಲ್ಲಿರುವುದು ಊರಿನವರೇ ಆದ ಮೂಕಣ್ಣನವರ ಪದ್ಯವಾಚನ. ಅವರ ಗುರುಗಳು ಕಟ್ಟಿ ಬಾಯಿಂದ ಬಾಯಿಗೆ ಕೊಟ್ಟ ಉದಯದ ಪದ್ಯಗಳು. ಬಹಳ ಹಿಂದೆ ಮಂಡಳಿಯವರು ಕೂಡಿ ಹೊಸಪೇಟೆಯಲ್ಲಿ ಧ್ವನಿಮುದ್ರಣ ಮಾಡಿಸಿದ್ದರು. ಮಾಡಿಸಿದ ಪ್ರತಿಗಳೆಲ್ಲ ಒಂದೊಂದಾಗಿ ಹಾಳಾಗಿ, ಉಳಿದದ್ದು ಗುಡಿಯದೊಂದೇ. ಆಯುಧಪೂಜೆಯ ದಿನ ಕುಡುಗೋಲು, ನೇಗಿಲು, ಮೈಕು, ಹಾಡುವ ಯಂತ್ರ ಎಲ್ಲಕ್ಕೂ ಪೂಜೆ ಆಗಬೇಕಲ್ಲ. ದೇವರ ಪದ್ಯ ಹಾಡುವ ಸಿಡಿಯನ್ನು ಬಿಟ್ಟಾರೆಯೇ? ಗುಡಿಯ ಹಿತ್ತಾಳೆ ಸಾಮಾನಿನ ಜೊತೆ ಅದನ್ನೂ ಹುಣಸೆಹಣ್ಣು, ಬೂದಿ ಹಾಕಿ ಗುಂಡಗೆ ತಿಕ್ಕಿ ತೊಳೆದು, ವಿಭೂತಿ ಎಳೆದು, ಕುಂಕುಮವಿಟ್ಟು ಕೈಮುಗಿದಿದ್ದರು. ಮರುದಿನ ಯಂತ್ರ ಅದನ್ನು ನುಂಗಿ ಸುಮ್ಮನಾಯಿತು.

ಓಣಿ ದಾಟಿ ಬಂದಿದ್ದ ಮಾಲತೇಶ್ ಇಣುಕಿ ನೋಡಿ, “ಅವ್ವಾ, ಸಿಡಿನ ದೀಪದ ಕಂಬ ಮಾಡಿಬಿಟ್ಟೀರಲ್ಲ,” ಎಂದ.

“ಹೊಳೀಲಿ ಅಂತ ತಿಕ್ಕಿದ್ವಪ್ಪ. ಹೊಳೀತು. ಹಾಡ್ಲಿಲ್ಲ,” ಎಂದರು ಜಂಬವ್ವ.

ಮತ್ತೆ ಓದಿಸಿ ಮುದ್ರಿಸಿಕೊಳ್ಳೋಣವೆಂದರೆ ಮೂಕಣ್ಣನವರಿಗೆ ಗಂಟಲು ಬಿದ್ದು ಹೋಗಿದೆ. ಮಾತು ಪಿಸುಗುಟ್ಟಿದಷ್ಟೇ ಹೊರಡುತ್ತದೆ. ಮುಂಜಾನೆ ಗುಡಿಯ ಕಟ್ಟೆಗೆ ಬಂದು ಕೂತು ತಮ್ಮದೇ ದನಿಯನ್ನು ಕೇಳುವುದೊಂದು ಅವರಿಗೆ ಉಳಿದಿತ್ತು. ಈಗ ಸುಮ್ಮನಾದ ಧ್ವನಿವರ್ಧಕದ ಹಾರ್ನನ್ನು ನೋಡುತ್ತ ಕೂರುತ್ತಾರಂತೆ.

ಗಾದಿಲಿಂಗಪ್ಪ ಸಿಡಿಯನ್ನು ಹೊರಳಿಸಿ ಹೊರಳಿಸಿ ನೋಡಿದರು. ಹಿಂದುಗಡೆ, ಹೆಸರು ಬರೆದ ಮೈ, ಪುಣ್ಯಕ್ಕೆ ಹಾಗೇ ಉಳಿದಿತ್ತು. ಅದು ಕಿತ್ತಿದ್ದರೆ ಯಾರೂ ಏನೂ ಮಾಡುವಂತಿರಲಿಲ್ಲ. ಆದರೆ ಹೊಳೆಯುವ ಮೈಯನ್ನು ಮೊದಲೇ ಯಾರೋ ಒಮ್ಮೆ ಉಜ್ಜಿದ್ದರಿಂದ ಅದು ತೆಳ್ಳಗಾಗಿತ್ತು.

“ಹಾಡೇ ಹಾಡತೈತಿ ಅಂತ ಮಾತು ಕೊಡಂಗಿಲ್ಲ ಯಕ್ಕಾ. ಒಂದ ಸಲ ಉಜ್ಜೋವಷ್ಟು ಮೈ ಐತಿ. ಕೈ ಜಾಸ್ತಿ ಬಿತ್ತಂದ್ರ ಇದ್ದದ್ದೂ ಹೋಗತೈತಿ.”

ಜಂಬವ್ವ ಲಾಡ್ಜಿನ ಕೆಳಗಿನ ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಎದ್ದು, “ನೀ ಮಾಡಣ್ಣ. ನಮ್ಮ ಕೈಯಾಗ ಹಾಳಾಗೈತಿ, ನಿನ್ನ ಕೈಯಾಗ ಹೋದ್ರ ನಿನ್ನ ಅನ್ನಂಗಿಲ್ಲ,” ಎಂದು ಹೇಳಿ ಹೋದರು.

ಆ ವಾರ ಗಾದಿಲಿಂಗಪ್ಪ ಬೇರೆ ಕೆಲಸ ಹಿಡಿಯಲಿಲ್ಲ. ಬೆಳಗಿನ ಬಿಸಿಲು ಓರೆಯಾಗಿರುವಷ್ಟು ಹೊತ್ತು ಉಜ್ಜುವುದು, ಬಿಸಿಲು ನೆಟ್ಟಗಾದೊಡನೆ ನಿಲ್ಲಿಸಿ ಬಟ್ಟೆ ಮುಚ್ಚುವುದು. ಬೂದಿ ಗೀರಿದ ಗೆರೆಗಳು ಅಸಂಖ್ಯ, ಆದರೆ ಮೇಲುಮೇಲಿನವು. ಅವುಗಳ ನಡುವೆ ಒಂದು ಕಡೆ ಗಿಡ್ಡದೊಂದು ಹಳೆಯ ಗೀರು, ಉಗುರಿಗೆ ಸಿಕ್ಕುವಷ್ಟು ಆಳ. ಬೂದಿಯದಲ್ಲ, ವರ್ಷಗಳ ಹಿಂದಿನದು. ಇದನ್ನು ಬಿಟ್ಟು ಉಳಿದದ್ದನ್ನು ತೆಗೆದರೂ ಸಿಡಿ ಓಡಬಹುದಿತ್ತು. ಬಿಡಲು ಅವರಿಗೆ ಮನಸ್ಸು ಬರಲಿಲ್ಲ. ಮೈ ಎಷ್ಟು ತಾಳೀತೆಂದು ಬೆರಳಲ್ಲೇ ಅಳೆಯುತ್ತ, ಉಸಿರು ಹಿಡಿದು, ಅದನ್ನೂ ತೆಗೆದರು.

ಯಂತ್ರಕ್ಕೆ ಹಾಕಿ ಹೆಡ್‌ಫೋನ್ ಏರಿಸಿದಾಗ ಮೊದಲು ಒಂದು ಕೆಮ್ಮು ಕೇಳಿತು. ಆಮೇಲೆ ಮೂಕಣ್ಣನವರ ದನಿ, ತಂಬೂರಿಯ ಹಂಗೂ ಇಲ್ಲದ ಬರಿಯ ದನಿ. ಪದ್ಯದ ಮೇಲೆ ಪದ್ಯ ಬಂತು. ಎಲ್ಲೂ ಎಡವದೆ, ಕೊನೆಯ ಮಂಗಳದವರೆಗೆ ಬಂತು. ಹೆಡ್‌ಫೋನ್ ತೆಗೆದು ಯಾರಿಗಾದರೂ ಹೇಳಬೇಕೆನಿಸಿತು. ಮಾಲತೇಶನ ಅಂಗಡಿಯಲ್ಲಿ ಗಿರಾಕಿಗಳ ಗದ್ದಲ. ಓಣಿಯಲ್ಲಿ ಹೋಗುವವರು ಹೋಗುತ್ತಿದ್ದರು. ಮೊದಲಿನಿಂದ ಮತ್ತೊಮ್ಮೆ ಹಾಕಿಕೊಂಡು ಕೇಳಿದರು.

ಜಂಬವ್ವ ಬಂದು, ಮಾಲತೇಶನಿಂದ ಪೆನ್‌ಡ್ರೈವಿಗೂ ಒಂದು ಪ್ರತಿ ಇಳಿಸಿಕೊಂಡು, ಸಿಡಿಯನ್ನು ಹಣೆಗೊತ್ತಿಕೊಂಡು ಹೋದರು.

ವಾರವಾಗಲಿಲ್ಲ, ಮಂಡಳಿಯ ಇನ್ನಿಬ್ಬರು ಹೆಂಗಸರನ್ನು ಕರೆದುಕೊಂಡು ಮತ್ತೆ ಬಂದರು. ಕೈಯಲ್ಲಿ ಅದೇ ಬಟ್ಟೆಯ ಮಡಿಕೆ. ದೂರದಿಂದಲೇ ನೋಡಿದ ಗಾದಿಲಿಂಗಪ್ಪ ಹೊಸ್ತಿಲಿಗೆ ಎದ್ದು ಬಂದರು. ಸಿಡಿ ಮತ್ತೆ ನಿಂತುಬಿಟ್ಟಿತೇ ಎಂದು ಕೇಳಿದರು.

“ನಿಂತಿಲ್ಲಣ್ಣ. ನಿಂದ್ರೋ ಜಾಗಕ್ಕ ನಿಂದ್ರವಲ್ದು.”

ಅವರು ಬಿಡಿಸಿ ಹೇಳಿದ ಮೇಲೆ ತಿಳಿಯಿತು. ಪದ್ಯಗಳ ನಡುವೆ ಒಂದು ಸಾಲು ಬರುತ್ತದೆ: ‘ಒಬ್ಬನೇ ಇರುವೆನೆಂದೆ, ಒಳಗೆ ನೀನಿದ್ದೆ ತಂದೆ.’ ಆ ಹಳೆಯ ಗೀರು ಇದ್ದದ್ದು ಅಲ್ಲಿ. ಗುಡಿಯ ಯಂತ್ರ ಅಲ್ಲಿಗೆ ಬಂದು ಎಡವಿ, ಟಕ್ ಎಂದು, ಹಿಂದಕ್ಕೆ ಹಾರಿ ಅದೇ ಸಾಲನ್ನು ಮತ್ತೆ ಹೇಳುತ್ತಿತ್ತು. ಮೂರು ಸಲ ಹೇಳಿದ ಮೇಲೆ ತಾನಾಗಿ ದಾಟಿಕೊಳ್ಳುತ್ತಿತ್ತು. ಚಳಿಗಾಲದಲ್ಲಿ ಒಮ್ಮೊಮ್ಮೆ ನಾಲ್ಕು. ಊರು ಅದನ್ನು ತಪ್ಪೆಂದು ಎಣಿಸಲೇ ಇಲ್ಲ. ಅಂಗಳ ಗುಡಿಸುವವರು, ಎಮ್ಮೆ ಹಿಂಡುವವರು, ನಳದ ಮುಂದೆ ಕೊಡ ಹಿಡಿದು ನಿಂತವರು, ಎಲ್ಲರೂ ಆ ಸಾಲಿಗೆ ಬಂದಾಗ ದನಿಗೂಡಿಸಿ ಮೂರು ಸಲ ಹೇಳುವುದು ರೂಢಿಯಾಯಿತು. ಮದುವೆಯಾಗಿ ಬಂದ ಸೊಸೆಯರಿಗೆ ಅತ್ತೆಯರು ಹಾಗೇ ಕಲಿಸಿದರು. ಭಜನೆಯಲ್ಲಿ ಯಂತ್ರವಿಲ್ಲದೆ ಹಾಡುವಾಗಲೂ ಅದು ಮೂರೇ ಸಲ.

ಈಗ ರಿಪೇರಿಯಾಗಿ ಬಂದ ಸಿಡಿ ಆ ಸಾಲನ್ನು ಒಮ್ಮೆ ಹೇಳಿ ಮುಂದೆ ಹೋಗುತ್ತಿತ್ತು. ಮೊದಲ ದಿನ ಊರಿನ ಅರ್ಧ ಜನ ಎರಡನೆಯ ಸಲ ಬಾಯಿ ತೆರೆದು ಹಾಗೇ ನಿಂತುಬಿಟ್ಟರಂತೆ. “ಊರು ಹಿಂದುಳೀತು, ದನಿ ಮುಂದ್ಹೋತು,” ಎಂದರು ಜಂಬವ್ವ. ಜೊತೆಗಿದ್ದಾಕೆ, ಅಂದಿನಿಂದ ಬೆಳಗು ಸರಿಯಾಗಿ ಬೆಳಗಾದಂತೆಯೇ ಅನಿಸುತ್ತಿಲ್ಲ ಎಂದು ಸೇರಿಸಿದರು. ಸಿಟ್ಟೇನೂ ಇಲ್ಲ. ಆ ಸಾಲನ್ನು ಮೊದಲಿನಂತೆ ಮಾಡಿಕೊಡಬೇಕು, ಅಷ್ಟೇ.

ಗಾದಿಲಿಂಗಪ್ಪ ಸ್ಟೂಲಿನ ಮೇಲೆ ಕೂತರು. ತಮ್ಮ ಕೈಯ ಅತಿ ನಾಜೂಕಿನ ಕೆಲಸ ಯಾವುದೋ ಅದನ್ನೇ ಬೇಡವೆನ್ನಲು ಈ ಹೆಂಗಸರು ಬಂದಿದ್ದರು. ಮೂಕಣ್ಣನವರು ಏನೆನ್ನುತ್ತಾರೆಂದು ಕೇಳಿದಾಗ ಹೆಂಗಸರು ನಕ್ಕರು. ಪದ್ಯದಲ್ಲಿ ಇರುವುದು ಒಂದೇ ಸಲ, ತಾವು ಓದಿದ್ದೂ ಒಂದೇ ಸಲ, ಆದರೆ ತಮಗೂ ಈಗ ಒಂದಕ್ಕೆ ಸಮಾಧಾನವಾಗುತ್ತಿಲ್ಲ ಎಂದು ಅವರು ಪಿಸುದನಿಯಲ್ಲಿ ಒಪ್ಪಿಕೊಂಡಿದ್ದರಂತೆ.

“ಗೀರು ತೆಗಿಯೋದು ಕಲ್ತೀನಿ ಯಕ್ಕಾ, ಹಾಕೋದು ಕಲ್ತಿಲ್ಲ. ಹಾಕಿದ್ರೂ ಅದ ಜಾಗಕ್ಕ ಬೀಳಂಗಿಲ್ಲ. ಮತ್ತ ಎಲ್ಲೋ ನಿಂತು ಪೂರಾ ಹೋದ್ರ?”

ಮಾಲತೇಶನಿಗೆ ಇದು ದೊಡ್ಡ ಸಮಸ್ಯೆಯಾಗಿ ಕಾಣಲಿಲ್ಲ. ಕಂಪ್ಯೂಟರಿನಲ್ಲಿ ಆ ಸಾಲನ್ನು ಕತ್ತರಿಸಿ ಮೂರು ಸಲ ಅಂಟಿಸಿದರೆ ಮುಗಿಯಿತು ಎಂದ. ಅಲ್ಲೇ ಮಾಡಿ ತೋರಿಸಿದ. ಹೆಂಗಸರು ಅದರ ಜೊತೆ ಹೇಳಲು ನೋಡಿದರು, ಎರಡನೆಯದಕ್ಕೇ ಉಸಿರು ಕಟ್ಟಿತು. ಗೀರಿನಲ್ಲಿ ಯಂತ್ರ ಎಡವಿ ಟಕ್ ಎನ್ನುವಷ್ಟು ಹೊತ್ತಿನಲ್ಲಿ ಊರು ಉಸಿರೆಳೆದುಕೊಳ್ಳುತ್ತಿತ್ತು. ಇದರಲ್ಲಿ ಆ ಬಿಡುವು ಇರಲಿಲ್ಲ. ಬಿಡುವನ್ನೂ ಹಾಕುತ್ತೇನೆ, ಎಷ್ಟು ಬೇಕು ಹೇಳಿರಿ ಎಂದು ಮಾಲತೇಶ್ ಕೇಳಿದ. ಒಬ್ಬಾಕೆ ಇಷ್ಟು ಎಂದರೆ ಇನ್ನೊಬ್ಬಾಕೆ ಅಷ್ಟು ಎಂದರು.

ಜಂಬವ್ವ ಇಬ್ಬರನ್ನೂ ತಡೆದರು. “ಬ್ಯಾಡ ಬಿಡಪ್ಪ. ಮೂಕಣ್ಣ ಒಂದ ಸಲ ಅಂದಾನ, ಸಿಡಿ ಒಂದ ಸಲ ಅನ್ಲಿ. ಅಲ್ಲಿ ನಿಂದ್ರಸ್ತೀವಿ. ಉಳದೆರಡು ನಾವ ಅಂತೀವಿ.”

ಗುಡಿಯ ಪೂಜಾರಿ ವೀರೇಶ್ ಆ ಸಾಲು ಮುಗಿದೊಡನೆ ಯಂತ್ರದ ಗುಂಡಿ ಒತ್ತಿ ನಿಲ್ಲಿಸುವುದು, ಊರು ಎರಡು ಸಲ ಹೇಳಿ ಮುಗಿಸಿದ ಮೇಲೆ ಮತ್ತೆ ಒತ್ತುವುದು ಎಂದು ಅಲ್ಲೇ ತೀರ್ಮಾನವಾಯಿತು. ಹೊರಡುವಾಗ ಜಂಬವ್ವ ತಿರುಗಿ ನಿಂತು, ನೀನೂ ಒಂದಿನ ಬಂದು ಕೇಳು ಎಂದರು. ಇಷ್ಟು ವರ್ಷದ ಕಸುಬಿನಲ್ಲಿ ಹೀಗೆ ಕರೆದ ಗಿರಾಕಿ ಅವರೊಬ್ಬರೇ.

ಗಾದಿಲಿಂಗಪ್ಪ ಹೋಗಿಬಂದಿದ್ದಾರೆ. ಒಂದು ಸೋಮವಾರ ಶಟರ್ ಎತ್ತದೆ, ಬಳ್ಳಾರಿ ಕಡೆಯ ಮೊದಲ ಬಸ್ಸು ಹತ್ತಿ ಪಾಪಿನಾಯಕನಹಳ್ಳಿಗೆ ಇಳಿದಾಗ ಇನ್ನೂ ಮಬ್ಬುಗತ್ತಲೆ. ಅದಿರಿನ ಲಾರಿಗಳು ಸಾಲಾಗಿ ಹಾದುಹೋಗುತ್ತಿದ್ದವು. ಗುಡಿಯ ದಾರಿ ಕೇಳುವ ಅಗತ್ಯ ಬರಲಿಲ್ಲ, ಹಾರ್ನಿನಿಂದ ಆಗಲೇ ಪದ್ಯ ಬರುತ್ತಿತ್ತು. ಕಟ್ಟೆಯ ಮೇಲೆ ಕಂಬಳಿ ಹೊದ್ದ ಮುದುಕರೊಬ್ಬರು ಕೂತಿದ್ದರು. ಮೂಕಣ್ಣನವರೇ ಇರಬೇಕೆಂದುಕೊಂಡು ಇವರೂ ಪಕ್ಕದಲ್ಲಿ ಕೂತರು. ಪರಿಚಯ ಹೇಳಿಕೊಳ್ಳಲಿಲ್ಲ, ಅವರು ಕೇಳಲೂ ಇಲ್ಲ. ಎದುರಿನ ಓಣಿಯಲ್ಲಿ ಕಸಬರಿಗೆಗಳ ಸದ್ದು, ಎಲ್ಲೋ ಎಮ್ಮೆಯ ಕೂಗು. ಕಿವಿಯೊಳಗೆ ಮಾತ್ರ ಕೇಳಿ ಗೊತ್ತಿದ್ದ ದನಿ ಬಯಲಿನಲ್ಲಿ ಬೇರೆಯೇ ಆಗಿತ್ತು.

ಆ ಸಾಲು ಬಂತು. ಹಾರ್ನು ಸುಮ್ಮನಾಯಿತು. ಕಸಬರಿಗೆಗಳೂ ನಿಂತವು.

ಮುಂದಿನದನ್ನು ಗಾದಿಲಿಂಗಪ್ಪನವರ ಮಾತಿನಲ್ಲೇ ಕೇಳಬೇಕು. ಹೇಳುವಾಗ ಕೈಯ ಕೆಲಸ ನಿಲ್ಲಿಸುವುದಿಲ್ಲ, ತಲೆ ಎತ್ತುವುದೂ ಇಲ್ಲ.

“ಊರು ಎರಡನೇ ಸಲ ಅಂತು. ನಾ ಸುಮ್ನ ಕೇಳಿದೆ. ಕೇಳೋದ ನನ್ನ ಕೆಲ್ಸ ಅಲ್ಲೇನ್ರಿ. ಮೂರನೇ ಸಲಕ್ಕ ನಾನೂ ಅಂದೆ. ಜೋರಾಗೇ ಅಂದೆ ಕಾಣತೈತಿ. ಯಾರೂ ತಿರುಗಿ ನೋಡ್ಲಿಲ್ಲ. ಊರಿನವನ ಇರ್ಬೇಕು ಅಂತ ತಿಳಕೊಂಡ್ರು.”